ನಿಯಮ ಬರೆದವನೇ ಅಪವಾದವನ್ನೂ ಬರೆದಿಟ್ಟ

2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಒಂದೊಂದು ಅವಘಡಕ್ಕೂ ಒಂದೊಂದು ಕಾರಣ ಇರಬಹುದು. ಆದರೆ ಲಿಥಿಯಂ ಬ್ಯಾಟರಿಯ ಕೋಶ ಮಿತಿಮೀರಿ ಬಿಸಿಯಾದಾಗ ಬೆಂಕಿಗೆ ಮೇವಾಗುವ ವಸ್ತುಗಳಲ್ಲಿ ಅದರೊಳಗಿನ ದ್ರವವೂ ಒಂದು. ಸುಲಭವಾಗಿ ಹೊತ್ತಿಕೊಳ್ಳುವ ಸಾವಯವ ದ್ರಾವಕದಲ್ಲಿ ಲಿಥಿಯಂ ಲವಣವನ್ನು ಕರಗಿಸಿ ಮಾಡಿದ ದ್ರವ ಅದು. ಎರಡು ವಿದ್ಯುದಗ್ರಗಳ ನಡುವೆ ಲಿಥಿಯಂ ಅಯಾನುಗಳು ಹೋಗಿಬರಲು ಅದೇ ದಾರಿ. ಆ ದಾರಿಯನ್ನು ದ್ರವದ ಬದಲು ಸೋರದ, ಸುಲಭವಾಗಿ ಉರಿಯದ ಘನವಸ್ತುವಿನಿಂದ ಕಟ್ಟಲಾಗದೆ? ಜಗತ್ತಿನ ಹಲವಾರು ಪ್ರಯೋಗಾಲಯಗಳು ಈಗ ಕೇಳುತ್ತಿರುವ ಪ್ರಶ್ನೆ ಇದು. ಪ್ಲಾಸ್ಟಿಕ್ಕಿನಂಥ ಪಾಲಿಮರ್ ಹಾಳೆಯಲ್ಲಿ ಲವಣವನ್ನು ಬೆರೆಸಿ, ಅದಕ್ಕೆ ಸೆರಾಮಿಕ್‌ನ ನುಣುಪಾದ ಪುಡಿಯನ್ನು ಸೇರಿಸುವುದು ಅವು ಹಿಡಿದಿರುವ ಹಾದಿಗಳಲ್ಲೊಂದು.

ಈ ಪ್ರಯೋಗಾಲಯಗಳಲ್ಲಿ ದಿನಕ್ಕೆ ನೂರು ಬಾರಿ ಕೇಳಿಬರುವ ಎಲೆಕ್ಟ್ರೊಲೈಟ್, ಎಲೆಕ್ಟ್ರೋಡ್, ಅಯಾನ್, ಡೈಎಲೆಕ್ಟ್ರಿಕ್ ಎಂಬ ಪದಗಳೆಲ್ಲ ಒಬ್ಬನೇ ಮನುಷ್ಯನ ಪ್ರಬಂಧಗಳಿಂದ ಬಳಕೆಗೆ ಬಂದವು. ಘನವಸ್ತುವಿನೊಳಗೆ ಇಂಥ ವಿದ್ಯುತ್ ಸಾಗದು ಎಂಬ ನಿಯಮವನ್ನು ಸಾರಿದವನೂ ಅವನೇ. ಆ ನಿಯಮಕ್ಕೆ ಹೊಂದದ ವಸ್ತುಗಳನ್ನು ಕಂಡಾಗ ಅವುಗಳನ್ನು ಬಚ್ಚಿಡದೆ ಬರೆದಿಟ್ಟವನೂ ಅವನೇ. ಡೈನಮೊ, ಟ್ರಾನ್ಸ್‌ಫಾರ್ಮರ್‌ಗಳ ಮೂಲಪುರುಷನೆಂದು ಶಾಲೆಯಲ್ಲಿ ಕಲಿತ ಮೈಕೆಲ್ ಫ್ಯಾರಡೆಯ ಬದುಕನ್ನು ಈ ಮಗ್ಗುಲಿನಿಂದ ನೋಡಿದವರು ಕಡಿಮೆ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಆಗ ಲಂಡನ್ನಿನ ಅಂಚಿನಲ್ಲಿದ್ದ ನ್ಯೂಯಿಂಗ್ಟನ್ ಬಟ್ಸ್‌ನಲ್ಲಿ. ತಂದೆ ಜೇಮ್ಸ್ ಉತ್ತರ ಇಂಗ್ಲೆಂಡಿನಿಂದ ವಲಸೆ ಬಂದ ಕಮ್ಮಾರ. ಆರೋಗ್ಯ ಕೆಟ್ಟು ದುಡಿಮೆ ಕುಂದಿತ್ತು. ನಾಲ್ವರು ಮಕ್ಕಳಲ್ಲಿ ಮೈಕೆಲ್ ಮೂರನೆಯವ. ಧಾನ್ಯದ ಬೆಲೆ ಗಗನಕ್ಕೇರಿದ್ದ 1801ರಲ್ಲಿ ಆ ಹುಡುಗನ ಪಾಲಿಗೆ ವಾರಕ್ಕೊಂದು ರೊಟ್ಟಿ. ಓದು, ಬರಹ, ಒಂದಿಷ್ಟು ಲೆಕ್ಕ, ಇಷ್ಟಕ್ಕೇ ಶಾಲೆ ಮುಗಿಯಿತು. ಕುಟುಂಬ ಸ್ಯಾಂಡಿಮೇನಿಯನ್ ಎಂಬ ಚಿಕ್ಕ ಕ್ರೈಸ್ತ ಪಂಗಡಕ್ಕೆ ಸೇರಿತ್ತು. ಸಂಪತ್ತನ್ನು ಕೂಡಿಡಬಾರದು, ಸರಳವಾಗಿ ಬದುಕಬೇಕು ಎಂಬ ಆ ಪಂಗಡದ ಕಟ್ಟಳೆಯನ್ನು ಆತ ಕಡೆಯವರೆಗೂ ಮುರಿಯಲಿಲ್ಲ.

ಹದಿಮೂರರ ಪ್ರಾಯದಲ್ಲಿ ಜಾರ್ಜ್ ರೀಬೊ ಎಂಬಾತನ ಪುಸ್ತಕದಂಗಡಿಗೆ ಚಾಕರಿಯ ಹುಡುಗನಾಗಿ ಸೇರಿದ. ಮರುವರ್ಷದಿಂದ ಏಳು ವರ್ಷ ಅಲ್ಲಿಯೇ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬು ಕಲಿತ. ಕಟ್ಟಲು ಬಂದ ಪುಸ್ತಕಗಳನ್ನು ಕಟ್ಟುವ ಮುನ್ನ ಓದುವುದು ಅಭ್ಯಾಸವಾಯಿತು. ಬ್ರಿಟಾನಿಕಾ ವಿಶ್ವಕೋಶದ ವಿದ್ಯುತ್ತಿನ ಲೇಖನ, ಜೇನ್ ಮಾರ್ಸೆಟ್ ಎಂಬ ಮಹಿಳೆ ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನಶಾಸ್ತ್ರದ ಪುಸ್ತಕ, ಇವು ಅವನ ವಿಶ್ವವಿದ್ಯಾಲಯ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ನಡೆಯುತ್ತಿದ್ದ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಡೇವಿ ಆಗ ಯುರೋಪಿನ ಹೆಸರಾಂತ ರಸಾಯನಶಾಸ್ತ್ರಜ್ಞ; ಕರಗಿಸಿದ ಲವಣ, ಕ್ಷಾರಗಳಿಗೆ ವಿದ್ಯುತ್ ಹಾಯಿಸಿ ಸೋಡಿಯಂ, ಪೊಟ್ಯಾಸಿಯಂ ಲೋಹಗಳನ್ನು ಹೊರತೆಗೆದವನು. ಫ್ಯಾರಡೆ ನಾಲ್ಕು ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿಗಳನ್ನು ಚಿತ್ರಸಹಿತ ಬರೆದು, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದ. 1813ರ ಮಾರ್ಚ್ ಒಂದರಂದು ಕೆಲಸ ಸಿಕ್ಕಿತು. ವಾರಕ್ಕೆ 25 ಷಿಲಿಂಗ್, ಅಟ್ಟದ ಮೇಲೆ ಎರಡು ಕೋಣೆ.

ಅದೇ ವರ್ಷದ ಅಕ್ಟೋಬರಿನಲ್ಲಿ ಡೇವಿ ದಂಪತಿಯ ಜೊತೆ ಫ್ರಾನ್ಸ್, ಇಟಲಿಗಳ ಪ್ರವಾಸ. ಆಂಪಿಯರ್, ವೋಲ್ಟಾರಂಥವರ ದರ್ಶನವಾಯಿತು. ಡೇವಿಯ ಪತ್ನಿ ಮಾತ್ರ ಅವನನ್ನು ಮನೆಯಾಳಿನಂತೆಯೇ ನಡೆಸಿಕೊಂಡಳು. ಅವಮಾನವನ್ನು ನುಂಗಿ, ಪಾಠವನ್ನು ಉಳಿಸಿಕೊಂಡು 1815ರ ಏಪ್ರಿಲ್‌ನಲ್ಲಿ ಆತ ಲಂಡನ್ನಿಗೆ ಮರಳಿದ. ಮುಂದೆ ಶಿಷ್ಯ ಬೆಳೆದಂತೆ ಗುರುವಿನ ಮನಸ್ಸು ಕಹಿಯಾಯಿತು. 1824ರ ಜನವರಿಯಲ್ಲಿ ಫ್ಯಾರಡೆ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದಾಗ ವಿರೋಧಿಸಿದವನು ಆಗ ಸೊಸೈಟಿಯ ಅಧ್ಯಕ್ಷನಾಗಿದ್ದ ಡೇವಿಯೇ. ಆದರೂ ಫ್ಯಾರಡೆ ಕಡೆಯವರೆಗೂ ಡೇವಿಯನ್ನು ಗೌರವದಿಂದಲೇ ನೆನೆದ.

1820ರ ದಶಕದ ಅವನ ಕೆಲಸಗಳನ್ನು ಜೀವನಚರಿತ್ರೆಕಾರರು ಸಾಮಾನ್ಯವಾಗಿ ಬೇಗನೆ ದಾಟಿಹೋಗುತ್ತಾರೆ. ನಮ್ಮ ವಿಷಯಕ್ಕೆ ಅವು ಮುಖ್ಯ. 1824ರಲ್ಲಿ ಹೈಡ್ರೋಜನ್ ತುಂಬಲು ಎರಡು ರಬ್ಬರ್ ಹಾಳೆಗಳ ಅಂಚುಗಳನ್ನು ಒತ್ತಿ ಆತ ಚೀಲಗಳನ್ನು ಮಾಡಿದ. ಜಾತ್ರೆಯಲ್ಲಿ ಮಕ್ಕಳು ಹಿಡಿದು ಓಡುವ ಬಲೂನಿನ ಪೂರ್ವಜರು ಅವು. 1826ರಲ್ಲಿ ರಬ್ಬರನ್ನು ಶುದ್ಧಗೊಳಿಸಿ ವಿಶ್ಲೇಷಿಸಿ, ಅದರಲ್ಲಿರುವುದು ಇಂಗಾಲ ಮತ್ತು ಜಲಜನಕ ಮಾತ್ರ ಎಂದು ತೋರಿಸಿದ. ಪಾಲಿಮರ್‌ಗಳೆಂದರೆ ಉದ್ದನೆಯ ಸರಪಳಿಯಂಥ ಅಣುಗಳು ಎಂಬ ತಿಳಿವಳಿಕೆ ಬರಲು ಇನ್ನೂ ನೂರು ವರ್ಷಗಳಿದ್ದವು.

ಇನ್ನೊಂದು ಕೆಲಸ ಗಾಜಿನದು. ದೂರದರ್ಶಕಗಳಿಗೆ ಬೇಕಾದ ಉತ್ತಮ ಗಾಜನ್ನು ಇಂಗ್ಲೆಂಡಿನಲ್ಲೇ ತಯಾರಿಸಬೇಕೆಂದು ರಾಯಲ್ ಸೊಸೈಟಿ ಮತ್ತೊಂದು ಸರ್ಕಾರಿ ಮಂಡಳಿಯೊಡನೆ ಸೇರಿ ಸಮಿತಿ ನೇಮಿಸಿತ್ತು. ದುಡಿಯುವ ಭಾರ ಫ್ಯಾರಡೆಯ ಮೇಲೆ ಬಿತ್ತು. 1827ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲೇ ಕುಲುಮೆ ಕಟ್ಟಲಾಯಿತು. ನಿವೃತ್ತ ಸೈನಿಕ ಚಾರ್ಲ್ಸ್ ಆ್ಯಂಡರ್ಸನ್ ಸಹಾಯಕನಾಗಿ ಬಂದ. ಸೀಸ, ಬೋರಾನ್ ಬೆರೆತ ಭಾರವಾದ ಗಾಜನ್ನು ಕರಗಿಸುವುದು, ಕಲಕುವುದು, ತಣಿಸುವುದು. ಗುಳ್ಳೆ ಕಂಡರೆ ಮತ್ತೆ ಮೊದಲಿನಿಂದ. ವರ್ಷಗಟ್ಟಲೆ ದುಡಿದರೂ ದೂರದರ್ಶಕಕ್ಕೆ ತಕ್ಕ ಗಾಜು ಕೈಗೂಡಲಿಲ್ಲ. ಬೇಸತ್ತು ಆ ಕೆಲಸವನ್ನು ಬಿಟ್ಟ. ವ್ಯರ್ಥವಾಯಿತೆಂದು ಯಾರಾದರೂ ಹೇಳಬಹುದಿತ್ತು.

1831ರ ಆಗಸ್ಟ್ 29ರ ದಿನ ಎಲ್ಲರಿಗೂ ಗೊತ್ತು. ಕಬ್ಬಿಣದ ಉಂಗುರಕ್ಕೆ ಎರಡು ತಂತಿಸುರುಳಿ ಸುತ್ತಿ, ಒಂದರಲ್ಲಿ ವಿದ್ಯುತ್ತನ್ನು ಹರಿಸಿ ನಿಲ್ಲಿಸಿದಾಗ ಇನ್ನೊಂದರಲ್ಲಿ ಮಿಂಚಿ ಮಾಯವಾಗುವ ಪ್ರವಾಹವನ್ನು ಆತ ಕಂಡ. ಇಂದಿನ ವಿದ್ಯುತ್ ಲೋಕ ನಿಂತಿರುವುದು ಆ ಕ್ಷಣದ ಮೇಲೆ. ಆದರೆ ಆತ ಅಲ್ಲಿ ನಿಲ್ಲಲಿಲ್ಲ. ವಿದ್ಯುತ್ತು ವಸ್ತುವಿನೊಳಗೆ ಹೇಗೆ ಸಾಗುತ್ತದೆ, ಸಾಗುತ್ತಾ ಅದನ್ನು ಹೇಗೆ ಒಡೆಯುತ್ತದೆ ಎಂಬ ಪ್ರಶ್ನೆ ಅವನನ್ನು ಹಿಡಿದಿತ್ತು.

1833ರ ಆರಂಭದಲ್ಲಿ ಆತನಿಗೊಂದು ಉಪಾಯ ಹೊಳೆಯಿತು. ವಿದ್ಯುತ್ತಿನಿಂದ ಒಡೆಯುವ ವಸ್ತುವಿನ ನಡುವೆ ಮಂಜುಗಡ್ಡೆಯ ಗೋಡೆ ಇಟ್ಟರೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಪಯಣಿಸುವ ಧಾತುಗಳನ್ನು ದಾರಿಯಲ್ಲೇ ಹಿಡಿಯಬಹುದಲ್ಲವೇ? ಇಟ್ಟು ನೋಡಿದ. ಪ್ರವಾಹವೇ ನಿಂತುಹೋಯಿತು. ನೀರಿನಲ್ಲಿ ಸರಾಗವಾಗಿ ಹರಿಯುತ್ತಿದ್ದ ವಿದ್ಯುತ್ತನ್ನು ತೆಳುವಾದ ಮಂಜಿನ ಪದರವೂ ತಡೆಯಿತು. ಬೇರೊಬ್ಬರಾಗಿದ್ದರೆ ಕೆಟ್ಟುಹೋದ ಪ್ರಯೋಗವೆಂದು ಬದಿಗಿಡುತ್ತಿದ್ದರೇನೋ. ಫ್ಯಾರಡೆ ಅದನ್ನೇ ಪ್ರಶ್ನೆಯಾಗಿ ಎತ್ತಿಕೊಂಡು, ಸೀಸದ ಕ್ಲೋರೈಡ್ ಮೊದಲಾದ ಹತ್ತಾರು ಲವಣ, ಆಕ್ಸೈಡುಗಳನ್ನು ಒಂದೊಂದಾಗಿ ಕಾಯಿಸಿದ. ಘನವಾಗಿದ್ದಾಗ ಅವು ಅವಾಹಕ, ಕರಗಿದೊಡನೆ ವಾಹಕ, ಮತ್ತೆ ಹೆಪ್ಪುಗಟ್ಟಿದರೆ ಬಾಗಿಲು ಬಂದ್. ದ್ರವವಾದಾಗಲಷ್ಟೇ ಇಂಥ ವಸ್ತುಗಳು ವಿದ್ಯುತ್ತಿಗೆ ದಾರಿ ಬಿಡುತ್ತವೆ ಎಂಬುದನ್ನು ಹೊಸ ನಿಯಮವಾಗಿ ಅದೇ ವರ್ಷ ಮಂಡಿಸಿದ.

ಅದೇ ಪ್ರಬಂಧದಲ್ಲಿ ಒಂದು ತೊಡಕನ್ನೂ ಸೇರಿಸಿದ. ಬೆಳ್ಳಿಯ ಸಲ್ಫೈಡಿನ ತುಂಡನ್ನು ಮಂಡಲದಲ್ಲಿಟ್ಟು ಕೆಳಗೆ ದೀಪ ಹಿಡಿದಾಗ, ಅದು ಕರಗದೆಯೇ ವಾಹಕವಾಯಿತು. ಬಿಸಿ ಏರಿದಂತೆ ವಾಹಕತೆ ಏರಿತು; ದೀಪ ತೆಗೆದರೆ ಇಳಿಯಿತು. ಲೋಹಗಳಲ್ಲಿ ಬಿಸಿಯಾದಂತೆ ವಾಹಕತೆ ಕುಗ್ಗುತ್ತದೆ, ಇದು ತದ್ವಿರುದ್ಧ. ಈ ವಸ್ತು ಲೋಹದ ಗುಂಪಿಗೂ ಸೇರದು, ಅವನ ಹೊಸ ನಿಯಮಕ್ಕೂ ಪೂರ್ತಿ ಬಗ್ಗದು. ವಿವರಣೆ ಅವನಲ್ಲಿರಲಿಲ್ಲ. ಎಲೆಕ್ಟ್ರಾನ್ ಎಂಬ ಕಲ್ಪನೆಯೇ ಇರದ ಕಾಲದಲ್ಲಿ ಇರುವುದಾದರೂ ಹೇಗೆ? ಕಂಡದ್ದನ್ನು ಕಂಡಂತೆ ಬರೆದ, ಅಷ್ಟೆ. ಅರೆವಾಹಕಗಳ ಇತಿಹಾಸ ಬರೆಯುವವರು ಇಂದು ಆ ಪುಟದಿಂದಲೇ ಆರಂಭಿಸುತ್ತಾರೆ. ಬಿಸಿಯಾದ ಬೆಳ್ಳಿ ಸಲ್ಫೈಡಿನಲ್ಲಿ ಬೆಳ್ಳಿಯ ಅಯಾನುಗಳೂ ಚಲಿಸುತ್ತವೆ ಎಂಬುದು ನಂತರ ತಿಳಿದ ಸಂಗತಿ.

ಹೊಸ ಸಂಗತಿಗಳಿಗೆ ಹಳೆಯ ಪದಗಳು ಸಾಲದಾದವು. ಶಾಲೆಯಲ್ಲಿ ಗ್ರೀಕ್ ಕಲಿಯದ ಫ್ಯಾರಡೆ ಕಲಿತವರ ಮೊರೆಹೊಕ್ಕ. ಎಲೆಕ್ಟ್ರೋಡ್, ಎಲೆಕ್ಟ್ರೊಲೈಟ್ ಎಂಬ ಪದಗಳಿಗೆ ನೆರವಾದವನು ವೈದ್ಯ ವಿಟ್‌ಲಾಕ್ ನಿಕೋಲ್. 1834ರಲ್ಲಿ ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂವೆಲ್‌ಗೆ ಪತ್ರ ಬರೆದು ಕೇಳಿದಾಗ ಆನೋಡ್, ಕ್ಯಾಥೋಡ್, ಅಯಾನ್ ಸಿಕ್ಕವು. ಅಯಾನ್ ಎಂದರೆ ನಡೆಯುವುದು, ಪಯಣಿಗ. ನಮ್ಮ ಪಠ್ಯಪುಸ್ತಕಗಳ ಅಯಾನು ಇದೇ. ಎಲೆಕ್ಟ್ರೊಲೈಟ್ ನಮ್ಮಲ್ಲಿ ವಿದ್ಯುದ್ವಿಭಾಜ್ಯವಾಗಿದೆ. ಹರಿದ ವಿದ್ಯುತ್ತಿನ ಪ್ರಮಾಣಕ್ಕೂ ಒಡೆದು ಬಂದ ವಸ್ತುವಿನ ತೂಕಕ್ಕೂ ಇರುವ ಲೆಕ್ಕವನ್ನು ಫ್ಯಾರಡೆ ಇದೇ ಕಾಲದಲ್ಲಿ ಖಚಿತಗೊಳಿಸಿದ. ಬ್ಯಾಟರಿ ತಯಾರಕರು ಇವತ್ತಿಗೂ ಹಾಕುವುದು ಅದೇ ಲೆಕ್ಕವನ್ನು.

ವಿದ್ಯುತ್ತನ್ನು ಹರಿಯಬಿಡದ ಅವಾಹಕಗಳು ಸುಮ್ಮನಿರುತ್ತವೆಯೇ ಎಂಬುದು ಮುಂದಿನ ಪ್ರಶ್ನೆ. ಒಂದರೊಳಗೊಂದು ಲೋಹದ ಗೋಳಗಳನ್ನಿಟ್ಟು, ನಡುವಿನ ಜಾಗಕ್ಕೆ ಅರಗು, ಗಂಧಕ, ಗಾಜುಗಳನ್ನು ತುಂಬಿ, 1837ರಲ್ಲಿ ಆತ ಅಳೆದ. ಗೋಳಗಳು ಹಿಡಿದಿಡುವ ವಿದ್ಯುದಂಶ ನಡುವಿನ ವಸ್ತು ಬದಲಾದಂತೆ ಬದಲಾಯಿತು. ಅವಾಹಕವೂ ವಿದ್ಯುತ್ತಿನ ಒತ್ತಡಕ್ಕೆ ಒಳಗೊಳಗೇ ಓಗೊಡುತ್ತದೆ ಎಂದಾಯಿತು. ಡೈಎಲೆಕ್ಟ್ರಿಕ್ ಎಂಬ ಪದವನ್ನು ಹೊಂದಿಸಿಕೊಟ್ಟವನೂ ಹ್ಯೂವೆಲ್. ವಿದ್ಯುದಂಶ ಹಿಡಿದಿಡುವ ಸಾಮರ್ಥ್ಯದ ಏಕಮಾನಕ್ಕೆ ಇಂದು ಫ್ಯಾರಡ್ ಎಂಬ ಹೆಸರು.

ಮರುವರ್ಷ, 1838ರಲ್ಲಿ, ತನ್ನ ನಿಯಮಕ್ಕೆ ಎರಡನೆಯ ಅಪವಾದವನ್ನು ಪ್ರಕಟಿಸಿದ. ಕರಗಿಸಿ ತಣಿಸಿದ ಸೀಸದ ಫ್ಲೂರೈಡಿನ ತುಂಡು ಮೊದಲು ಪ್ರವಾಹವನ್ನು ತಡೆಯಿತು. ಕಾಯಿಸುತ್ತಾ ಹೋದಂತೆ, ಹಗಲಿನ ಬೆಳಕಿನಲ್ಲಿ ಕೆಂಪು ಕಾಣಿಸುವ ಮೊದಲೇ, ಅದು ವಾಹಕವಾಯಿತು. ಇನ್ನೂ ಗಟ್ಟಿಯಾಗಿರುವಾಗಲೇ ಅದರಿಂದ ಕಿಡಿ ಹಾರಿಸಬಹುದಾಗಿತ್ತು. ಅದರೊಳಗೆ ನಡೆಯುವುದೇನೆಂದು ಈಗ ಬಲ್ಲೆವು. ಸೀಸದ ಅಯಾನುಗಳು ತಮ್ಮ ಜಾಗದಲ್ಲಿ ನಿಂತು ಹಂದರವನ್ನು ಹಿಡಿದಿರುವಾಗ, ಫ್ಲೂರೈಡ್ ಅಯಾನುಗಳು ಒಂದು ತಾಣದಿಂದ ಮತ್ತೊಂದಕ್ಕೆ ಜಿಗಿಯುತ್ತಾ ಸಾಗುತ್ತವೆ. ಮನೆಯ ಕಂಬಗಳು ಕದಲದೆ ಮನೆಮಂದಿ ಓಡಾಡಿದ ಹಾಗೆ. ಫ್ಯಾರಡೆಗೆ ಇದು ತಿಳಿಯಲಿಲ್ಲ. ಬಿಸಿಯಿಂದ ವಾಹಕತೆ ಹೆಚ್ಚುವ ಮತ್ತೊಂದು ವಸ್ತುವೆಂದಷ್ಟೇ ದಾಖಲಿಸಿದ. ಅದೇ ಅವನ ರೀತಿ. 1832ರಿಂದ ತನ್ನ ಪ್ರಯೋಗಗಳ ದಿನಚರಿಗೆ ಕ್ರಮಸಂಖ್ಯೆ ಹಾಕತೊಡಗಿದ್ದ. ಕೊನೆಯ ಹೊತ್ತಿಗೆ ಆ ಸಂಖ್ಯೆ 16,041ಕ್ಕೆ ಮುಟ್ಟಿತ್ತು. ಗೆದ್ದದ್ದಕ್ಕೂ ಒಂದು ಸಂಖ್ಯೆ, ಸೋತದ್ದಕ್ಕೂ ಒಂದು ಸಂಖ್ಯೆ.

ಈ ದುಡಿತಕ್ಕೆ ದೇಹ ಬೆಲೆ ತೆತ್ತಿತು. 1839ರ ಹೊತ್ತಿಗೆ ತಲೆಸುತ್ತು, ಮರೆವು ಆವರಿಸಿ ಹಲವು ವರ್ಷ ಸಂಶೋಧನೆ ಕುಂಟಿತು. ಪತ್ನಿ ಸಾರಾ ಅವನನ್ನು ಮಗುವಿನಂತೆ ನೋಡಿಕೊಂಡಳು. ಚೇತರಿಸಿಕೊಂಡ ಮೇಲೆ, 1845ರ ಸೆಪ್ಟೆಂಬರಿನಲ್ಲಿ, ಮೂಲೆಗೆ ಬಿದ್ದಿದ್ದ ಆ ಭಾರವಾದ ಗಾಜು ನೆನಪಾಯಿತು. ಅದನ್ನು ಬಲವಾದ ಕಾಂತದ ಬಳಿಯಿಟ್ಟು ಬೆಳಕು ಹಾಯಿಸಿದಾಗ ಬೆಳಕಿನ ಕಂಪನತಲ ತಿರುಗಿತು. ಬೆಳಕಿಗೂ ಕಾಂತಕ್ಕೂ ನಂಟಿದೆ ಎಂಬುದಕ್ಕೆ ಮೊದಲ ಪುರಾವೆ ಕೊಟ್ಟಿದ್ದು ದೂರದರ್ಶಕಕ್ಕೆ ಒದಗದ ಗಾಜು. ಕೆಲವೇ ವರ್ಷಗಳ ಬಳಿಕ ಗುರುತ್ವಕ್ಕೂ ವಿದ್ಯುತ್ತಿಗೂ ನಂಟು ಹುಡುಕಿ ಏನೂ ಸಿಗದಿದ್ದಾಗ, ಏನೂ ಸಿಗಲಿಲ್ಲವೆಂದೇ ಪ್ರಬಂಧ ಪ್ರಕಟಿಸಿದ.

ನೈಟ್ ಪದವಿ ಬೇಡವೆಂದ. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯನ್ನು ಎರಡು ಬಾರಿ ನಿರಾಕರಿಸಿದ. ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸ ನೀಡುವುದನ್ನು ಮಾತ್ರ ನಿರಾಕರಿಸಲಿಲ್ಲ. ಅಂಥ 19 ಮಾಲಿಕೆಗಳನ್ನು ನಡೆಸಿಕೊಟ್ಟ. ನೆನಪು ಮತ್ತೆ ಮಸುಕಾಗಿ, ವಿಕ್ಟೋರಿಯಾ ರಾಣಿ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ಕೊಡಿಸಿದ್ದ ಮನೆಯಲ್ಲಿ 1867ರ ಆಗಸ್ಟ್ 25ರಂದು ತೀರಿಕೊಂಡ. ಹೈಗೇಟ್ ಸ್ಮಶಾನದಲ್ಲಿ ಸರಳವಾದ ಸಮಾಧಿ ಇದೆ.

ಅವನು ಬರೆದಿಟ್ಟ ಅಪವಾದ ಬಹುಕಾಲ ಒಂಟಿಯಾಗಿ ಉಳಿಯಲಿಲ್ಲ. 1897ರಲ್ಲಿ ಜರ್ಮನಿಯ ವಾಲ್ಟರ್ ನರ್ನ್ಸ್ಟ್ ಜಿರ್ಕೋನಿಯಾ ಎಂಬ ಸೆರಾಮಿಕ್‌ನ ಕಡ್ಡಿಯಿಂದ ದೀಪ ಮಾಡಿದ. ಮೊದಲು ಕಾಯಿಸಿದರೆ ಆ ಪಿಂಗಾಣಿಯಂಥ ವಸ್ತು ವಿದ್ಯುತ್ ಹರಿಸಿ ಬೆಳಗುತ್ತಿತ್ತು. 1914ರಲ್ಲಿ ಅದೇ ದೇಶದ ಟುಬಾಂಟ್ ಮತ್ತು ಲೊರೆಂಜ್, ಬೆಳ್ಳಿಯ ಅಯೋಡೈಡ್ 147 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಘನಸ್ಥಿತಿಯಲ್ಲೇ ಅಮೋಘ ವಾಹಕವಾಗುವುದನ್ನು ಕಂಡರು. ಸೋಜಿಗವೆಂದರೆ, ಕರಗಿದಾಗ ಅದರ ವಾಹಕತೆ ಹೆಚ್ಚುವುದಿಲ್ಲ, ತುಸು ಕುಗ್ಗುತ್ತದೆ. ಫ್ಯಾರಡೆಯ ನಿಯಮ ಇಲ್ಲಿ ತಲೆಕೆಳಗಾಗಿತ್ತು.

ಆದರೆ ಸೆರಾಮಿಕ್ ಬಿರುಸು. ವಿದ್ಯುದಗ್ರಕ್ಕೆ ಸರಿಯಾಗಿ ಅಂಟದು, ಬಿರುಕು ಬಿಡುತ್ತದೆ. ಬಾಗುವ ವಸ್ತು ಬೇಕಾಯಿತು. 1973ರಲ್ಲಿ ಬ್ರಿಟನ್ನಿನ ಪೀಟರ್ ರೈಟ್ ಮತ್ತು ಸಂಗಡಿಗರು, ಪಾಲಿಎಥಿಲೀನ್ ಆಕ್ಸೈಡ್ ಎಂಬ ಪಾಲಿಮರ್ ಕ್ಷಾರಲೋಹದ ಲವಣಗಳನ್ನು ತನ್ನೊಳಗೆ ಕರಗಿಸಿಕೊಳ್ಳುವುದನ್ನು ವರದಿ ಮಾಡಿದರು. ಅದನ್ನು ಬ್ಯಾಟರಿಗೆ ಬಳಸಬಹುದೆಂದು ಫ್ರಾನ್ಸಿನ ಮಿಶೆಲ್ ಅರ್ಮಾಂಡ್ 1978ರಲ್ಲಿ ಸೂಚಿಸಿದರು. ಇಲ್ಲಿ ಅಯಾನಿನ ನಡಿಗೆ ಬೇರೆ ಬಗೆಯದು. ಪಾಲಿಮರ್‌ನ ಉದ್ದ ಸರಪಳಿಗಳು ಸದಾ ಅಲುಗುತ್ತಿರುತ್ತವೆ. ಆ ಅಲುಗಾಟವೇ ಲಿಥಿಯಂ ಅಯಾನನ್ನು ಕೈಯಿಂದ ಕೈಗೆ ದಾಟಿಸುತ್ತದೆ. ತೊಂದರೆ ಏನೆಂದರೆ, ಸುಮಾರು 60 ಡಿಗ್ರಿಗಿಂತ ಕೆಳಗೆ ಸರಪಳಿಗಳು ಶಿಸ್ತಾಗಿ ಜೋಡಿಸಿಕೊಂಡು ಸ್ಫಟಿಕಗಟ್ಟುತ್ತವೆ, ಅಲುಗಾಟ ನಿಲ್ಲುತ್ತದೆ. ಪ್ಯಾರಿಸ್ಸಿನಲ್ಲಿ 2011ರಿಂದ 2018ರವರೆಗೆ ಬಾಡಿಗೆಗೆ ಓಡಿದ ಬ್ಲೂಕಾರ್‌ಗಳ ಪಾಲಿಮರ್ ಬ್ಯಾಟರಿಯನ್ನು ಸದಾ ಬೆಚ್ಚಗೆ ಇಡಬೇಕಾಗಿದ್ದುದು ಇದರಿಂದಲೇ.

ಪುಡಿ ಬೆರೆಸುವ ಆಲೋಚನೆ ಬಂದದ್ದು ಈ ಹಂತದಲ್ಲಿ. 1982ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವೆಸ್ಟನ್ ಮತ್ತು ಸ್ಟೀಲ್, ಹಾಳೆ ಗಟ್ಟಿಯಾಗಲೆಂದು ಅಲ್ಯುಮಿನಾ ಬೆರೆಸಿದರು. 1998ರಲ್ಲಿ ರೋಮ್‌ನ ಬ್ರೂನೊ ಸ್ಕ್ರೊಸಾಟಿ ತಂಡ ನ್ಯಾನೊ ಗಾತ್ರದ ಅಲ್ಯುಮಿನಾ, ಟೈಟಾನಿಯಾ ಕಣಗಳನ್ನು ಬೆರೆಸಿದಾಗ ವಾಹಕತೆ ಗಮನಾರ್ಹವಾಗಿ ಏರಿತು. ತಾನಾಗಿ ವಿದ್ಯುತ್ ಹರಿಸದ ಪುಡಿ ವಾಹಕತೆಯನ್ನು ಹೆಚ್ಚಿಸುವುದೆಂತು? ಕಣಗಳು ನಡುವೆ ಬಂದು ಸರಪಳಿಗಳ ಶಿಸ್ತನ್ನು ಕೆಡಿಸುತ್ತವೆ, ಅಲುಗಾಟ ಉಳಿಯುತ್ತದೆ. ಅವುಗಳ ಮೇಲ್ಮೈ ಲವಣದ ಋಣ ಅಯಾನನ್ನು ಸೆಳೆದು ಲಿಥಿಯಂ ಅಯಾನನ್ನು ಬಿಡುಗಡೆ ಮಾಡುತ್ತದೆ ಎಂಬ ವಿವರಣೆಯೂ ಇದೆ. ಬೇರಿಯಂ ಟೈಟನೇಟ್‌ನಂಥ ಡೈಎಲೆಕ್ಟ್ರಿಕ್ ಗುಣ ಹೆಚ್ಚಿರುವ ಸೆರಾಮಿಕ್ ಲವಣ ಒಡೆಯಲು ನೆರವಾಗುತ್ತದೆ. ಪುಡಿ ಅತಿಯಾದರೆ ಕಣಗಳು ಗಂಟುಕಟ್ಟಿ ದಾರಿಗೇ ಅಡ್ಡ ನಿಲ್ಲುತ್ತವೆ. ಅಡುಗೆಯ ಉಪ್ಪಿನಂತೆ ಹದ ಮುಖ್ಯ. ಮುಂದೆ ಪುಡಿಯೇ ವಾಹಕವಾದರೇನು ಎಂಬ ಯೋಚನೆ ಬಂತು. 2007ರಲ್ಲಿ ಜರ್ಮನಿಯಲ್ಲಿ ಗಾರ್ನೆಟ್ ರಚನೆಯ ಲಿಥಿಯಂ ವಾಹಕ ಸೆರಾಮಿಕ್ಕನ್ನು ಪ್ರಕಟಿಸಿದ ಮೂವರಲ್ಲಿ ಇಬ್ಬರು ಭಾರತೀಯ ಮೂಲದವರು: ರಾಮಸ್ವಾಮಿ ಮುರುಗನ್ ಮತ್ತು ವೆಂಕಟರಾಮನ್ ತಂಗದುರೈ. ತಂಗದುರೈ ಅವರು ಪಿಎಚ್.ಡಿ. ಪಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ಆದರೂ ಗುರಿ ಮುಟ್ಟಿಲ್ಲ. ಬ್ಯಾಟರಿಯ ದ್ರವದ ವಾಹಕತೆ ಪ್ರತಿ ಸೆಂಟಿಮೀಟರಿಗೆ ಒಂದು ಸೀಮೆನ್ಸ್‌ನ ನೂರನೆಯ ಒಂದು ಭಾಗದ ಆಸುಪಾಸಿನಲ್ಲಿದೆ. 1998ರ ಆ ಹಾಳೆಗಳದ್ದು 50 ಡಿಗ್ರಿಯಲ್ಲಿ ಹತ್ತು ಸಾವಿರದ ಒಂದು ಭಾಗ, 30 ಡಿಗ್ರಿಯಲ್ಲಿ ಲಕ್ಷದ ಒಂದು ಭಾಗ. ಅಂತರ ಕಿರಿದಾಗುತ್ತಿದೆ, ಅಳಿದಿಲ್ಲ. ಕೋಣೆಯ ಉಷ್ಣತೆಯಲ್ಲಿ ಅಂತರವನ್ನು ಪೂರ್ತಿ ತುಂಬಿ, ಅಗ್ಗವಾಗಿ, ಸಾವಿರಾರು ಬಾರಿ ಚಾರ್ಜ್ ಮಾಡಬಲ್ಲ ಹಾಳೆಗಾಗಿ ಹುಡುಕಾಟ ನಡೆದಿದೆ.

ಈ ಹುಡುಕಾಟದಲ್ಲಿ ತೊಡಗಿದ ನಮ್ಮ ಯುವಕ ಯುವತಿಯರು ಫ್ಯಾರಡೆಯಿಂದ ಕಲಿಯಬಹುದಾದ್ದು ಬರಿಯ ಪದಗಳನ್ನಲ್ಲ. ನಿಗದಿತ ಅವಧಿಯಲ್ಲಿ ನಿಗದಿತ ಫಲ ತೋರಿಸಬೇಕೆಂಬ ಒತ್ತಡ ಇಂದಿನ ಸಂಶೋಧನೆಯ ಮೇಲಿದೆ. ನಿರೀಕ್ಷೆಗೆ ಹೊಂದದ ಅಳತೆ ವರದಿಯಿಂದ ಸದ್ದಿಲ್ಲದೆ ಜಾರಿಹೋಗುವುದು ಸುಲಭ. ಫ್ಯಾರಡೆಗೂ ಹಾಗೆ ಮಾಡಲು ಸಕಲ ಕಾರಣಗಳಿದ್ದವು: ನಿಯಮ ತನ್ನದು, ಹೆಸರು ಬಂದಾಗಿತ್ತು, ವಿವರಣೆ ಕೈಯಲ್ಲಿರಲಿಲ್ಲ. ಸೀಸದ ಫ್ಲೂರೈಡಿನ ತುಂಡೊಂದನ್ನು ಮರೆತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆತ ಮರೆಯಲಿಲ್ಲ. ಸ್ಕೂಟರಿಗೆ ಸುರಕ್ಷಿತ ಬ್ಯಾಟರಿ ಬೇಕೆನ್ನುವ ನಾವು, ಅಂಥ ಬರವಣಿಗೆಗೂ ಜಾಗ ಮತ್ತು ಕಾಲಾವಕಾಶ ಕೊಡಲು ಸಿದ್ಧರಿದ್ದೇವೆಯೇ ಎಂದು ಕೇಳಿಕೊಳ್ಳಬೇಕಾಗಿದೆ.